ಪೋಡಿಯಾಟ್ರಿ ಸಂಘದ ಸದಸ್ಯತ್ವ: ಹುಬ್ಬಳ್ಳಿಯಲ್ಲಿ ಕೂತವರಿಗೆ ದುಡ್ಡು ವಸೂಲಾಗುತ್ತದಾ?

ಪಾದದ ಚಿಕಿತ್ಸೆ ಮಾಡುವವರ ಸಂಘವೊಂದಕ್ಕೆ ಸೇರಿ ನನಗೆ ಸಾಕಷ್ಟು ವರ್ಷ ಆಯಿತು. ನಾನು ಮೂಲತಃ ಫಿಸಿಯೋಥೆರಪಿಸ್ಟ್. ಆಮೇಲೆ ಡಯಾಬಿಟಿಕ್ ಫೂಟ್ ಕೇರ್‌ನಲ್ಲಿ ಒಂದು ಕೋರ್ಸ್ ಮಾಡಿ, ಈಗ ಹುಬ್ಬಳ್ಳಿಯಲ್ಲಿ ಒಬ್ಬ ಸರ್ಜನ್ ಜೊತೆ ಪಾದದ ಕ್ಲಿನಿಕ್ ನಡೆಸುತ್ತಿದ್ದೇನೆ. ಧಾರವಾಡ, ಗದಗ, ಹಾವೇರಿ ಕಡೆಯ ಜೂನಿಯರ್‌ಗಳು "ಸೇರಬೇಕಾ ಸರ್, ಸುಮ್ನೆ ದುಡ್ಡು ದಂಡಾನಾ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಘದ ಹೆಸರು ಹಾಕುವುದಿಲ್ಲ. ಹೊಗಳುವುದರ ಜೊತೆಗೆ ಬೈಯುವುದೂ ಇದೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಬ್ರಿಟನ್ನಿನಲ್ಲಿ ಪೋಡಿಯಾಟ್ರಿಸ್ಟ್ ಅಂತ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳುವ ಹಾಗಿಲ್ಲ. ಅದಕ್ಕೆಂದೇ ಓದಿ, ಸರಕಾರಿ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ಅಲ್ಲಿನ ರಾಯಲ್ ಕಾಲೇಜ್ ಆಫ್ ಪೋಡಿಯಾಟ್ರಿಯ ಸದಸ್ಯರಾದರೆ ವೃತ್ತಿ ವಿಮೆಯೂ ಜೊತೆಗೇ ಬರುತ್ತದೆ. ನಮ್ಮಲ್ಲಿ ಪಾದ ನೋಡುವವರು ಬೇರೆ ಬೇರೆ ಕಡೆಯಿಂದ ಬಂದವರು: ಶುಗರ್ ಡಾಕ್ಟರ್, ಸರ್ಜನ್, ಆರ್ಥೋ, ಫಿಸಿಯೋ, ಡ್ರೆಸ್ಸಿಂಗ್ ಮಾಡುವ ನರ್ಸ್. ಆರೋಗ್ಯ ವೃತ್ತಿಗಳ ಬಗ್ಗೆ ನಮ್ಮಲ್ಲಿ ಬಂದ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ ಪೋಡಿಯಾಟ್ರಿಸ್ಟ್ ಅನ್ನುವ ಹೆಸರು ಸೇರಿದೆ, ಅದು ಒಳ್ಳೆಯದೇ. ಆದರೆ ಸಂಘದ ಸದಸ್ಯತ್ವ ಅಂದರೆ ಲೈಸೆನ್ಸ್ ಅಲ್ಲ. ಗೋಡೆಗೆ ಫ್ರೇಮ್ ಹಾಕಿಸಿದ ಸರ್ಟಿಫಿಕೇಟ್ ತೋರಿಸಿ ನಿಮ್ಮ ಮೂಲ ಡಿಗ್ರಿ ಅನುಮತಿ ಕೊಡದ ಕೆಲಸ ಮಾಡಲು ಬರುವುದಿಲ್ಲ. ವಿಮೆಯನ್ನೂ ಬೇರೆಯಾಗಿಯೇ ಮಾಡಿಸಬೇಕು. ಇದನ್ನು ಸೇರುವಾಗ ನಮಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಹಾಗಾದರೆ ದುಡ್ಡು ಕೊಟ್ಟು ಏನು ಸಿಗುತ್ತದೆ? ನನ್ನ ಮಟ್ಟಿಗೆ ಉತ್ತರ ಒಂದೇ: ಕೇಳಲು ಜನ ಸಿಗುತ್ತಾರೆ.

ದೊಡ್ಡ ಊರಿನಲ್ಲಿ ಇದರ ಬೆಲೆ ಗೊತ್ತಾಗುವುದಿಲ್ಲ. ಅಲ್ಲಿ ಪಕ್ಕದ ರೂಮಿನಲ್ಲೇ ಇನ್ನೊಬ್ಬರು ಇರುತ್ತಾರೆ. ನಮ್ಮ ಕಡೆ "ಕಾಲಿಗೂ ಬ್ಯಾರೆ ಡಾಕ್ಟರ್ ಇರ್ತಾರೇನ್ರಿ?" ಅಂತ ಪೇಷೆಂಟ್ ಈಗಲೂ ಕೇಳುತ್ತಾರೆ. ಅಂಥ ಕಡೆ ಅನುಮಾನ ಬಂದಾಗ ಯಾರನ್ನು ಕೇಳಬೇಕು? ಸಂಘಕ್ಕೆ ಸದಸ್ಯರದ್ದೇ ಒಂದು ಕೇಸ್ ಗ್ರೂಪ್ ಇದೆ. ನಿಯಮ ಕಟ್ಟುನಿಟ್ಟು. ಪೇಷೆಂಟ್ ಒಪ್ಪಿಗೆ ಬೇಕು, ಹೆಸರು ಬೇಡ, ಮುಖ ಬೇಡ, ಗಾಯದ ಪಕ್ಕ ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಬೇಕು. ಎರಡೂ ಪಾದ ಕಾಣಬೇಕು. ಗುಡ್ ಮಾರ್ನಿಂಗ್ ಹಾಕಿದರೆ ಅಡ್ಮಿನ್ ಅಲ್ಲೇ ಬೈಯುತ್ತಾರೆ.

ಒಂದು ಕೇಸ್ ಹೇಳುತ್ತೇನೆ. ಕುಂದಗೋಳ ಕಡೆಯಿಂದ ಒಬ್ಬ ರೈತರು ಬಂದರು. ಬಹಳ ವರ್ಷದಿಂದ ಶುಗರ್. ಒಂದು ಪಾದ ಕೆಂಪಗೆ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ. ಗಾಯ ಇಲ್ಲ, ಜ್ವರ ಇಲ್ಲ. "ನೋವೇನೂ ಇಲ್ರಿ, ಅದಕ್ಕ ಬಿಟ್ಟಿದ್ದೆ" ಅಂದರು. ಬೇರೆ ಕಡೆ ಸೋಂಕು ಅಂತ ಆ್ಯಂಟಿಬಯೋಟಿಕ್ ಕೊಟ್ಟಿದ್ದರು, ಇಳಿದಿರಲಿಲ್ಲ. ಎಕ್ಸ್-ರೇ ತೆಗೆಸಿದರೆ ಮೂಳೆ ಸರಿಯಾಗಿಯೇ ಕಾಣುತ್ತಿತ್ತು. ನಮಗೆ ಶಾರ್ಕೋ ಫೂಟ್ ಅನುಮಾನ ಇತ್ತು, ಅಂದರೆ ನರ ಸತ್ತು ಸ್ಪರ್ಶ ಹೋದ ಪಾದದಲ್ಲಿ ಮೂಳೆ, ಕೀಲು ಹಾಳಾಗುವ ತೊಂದರೆ. ಆದರೆ ನಾರ್ಮಲ್ ಎಕ್ಸ್-ರೇ ಕೈಯಲ್ಲಿಟ್ಟುಕೊಂಡು, ಉಳುಮೆ ಸಮಯದಲ್ಲಿ ಒಬ್ಬ ರೈತರಿಗೆ ಮೊಣಕಾಲ ತನಕ ಕ್ಯಾಸ್ಟ್ ಹಾಕಿ "ನಡೀಬ್ಯಾಡ್ರಿ" ಅನ್ನುವುದು ಸುಲಭವಾ?

ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಎರಡೂ ಪಾದದ ಬಿಸಿ ಅಳೆದು ಗ್ರೂಪ್‌ಗೆ ಹಾಕಿದೆವು. ವ್ಯತ್ಯಾಸ 2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಇತ್ತು. ರಾತ್ರಿ ಊಟದ ಹೊತ್ತಿಗೆ ಉತ್ತರ ಬರತೊಡಗಿದವು. ಚೆನ್ನೈನ ಒಬ್ಬ ಹಿರಿಯರು ಬರೆದದ್ದು ಇಷ್ಟೇ: ಶುರುವಿನಲ್ಲಿ ಎಕ್ಸ್-ರೇ ನಾರ್ಮಲ್ ಇರಬಹುದು, ಎಂಆರ್‌ಐ ಮಾಡಿಸಿ, ಆದರೆ ಎಂಆರ್‌ಐ ಬರುವ ತನಕ ಕಾಯಬೇಡಿ, ಇವತ್ತೇ ಪಾದದ ಮೇಲಿನ ಭಾರ ಇಳಿಸಿ. ಮಾರನೇ ದಿನವೇ ಕ್ಯಾಸ್ಟ್ ಹಾಕಿದೆವು. ಮನೆಯವರನ್ನು ಕೂರಿಸಿ, ಹೀಗೇ ನಡೆದರೆ ಪಾದದ ಕಮಾನು ಕುಸಿದು ಮೂಳೆ ಕೆಳಗೆ ಬರುತ್ತದೆ, ಅಲ್ಲಿ ಹುಣ್ಣಾದರೆ ಕಾಲು ಉಳಿಸುವುದೇ ಕಷ್ಟ ಅಂತ ಹೇಳಲು ನಮಗೂ ಧೈರ್ಯ ಬಂತು. ಆಮೇಲೆ ಬಂದ ಎಂಆರ್‌ಐ ರಿಪೋರ್ಟ್ ಶಾರ್ಕೋ ಅಂತಲೇ ಹೇಳಿತು. ತಿಂಗಳುಗಟ್ಟಲೆ ಕ್ಯಾಸ್ಟ್‌ನಲ್ಲಿದ್ದರು, ಹೊಲದ ಕೆಲಸ ತಮ್ಮ ನೋಡಿಕೊಂಡ. ಪಾದದ ಆಕಾರ ಉಳಿಯಿತು. ಆ ವರ್ಷದ ಶುಲ್ಕ ನನಗೆ ಅಲ್ಲಿಗೇ ವಸೂಲು.

ಎರಡನೇ ಲಾಭ ಕೈಯಲ್ಲಿ ಹಿಡಿದು ಕಲಿಸುವ ವರ್ಕ್‌ಶಾಪ್. ಭಾಷಣದ್ದಲ್ಲ, ವರ್ಕ್‌ಶಾಪ್‌ನದ್ದೇ. ಪಾದದ ಸ್ಪರ್ಶ ನೋಡಲು 10 ಗ್ರಾಂ ಮೋನೋಫಿಲಮೆಂಟ್ ಬಳಸುತ್ತೇವಲ್ಲ, ಆ ನೈಲಾನ್ ಎಳೆ. ಚರ್ಮಕ್ಕೆ ನೇರವಾಗಿ ಇಟ್ಟು ಅದು ಬಾಗುವಷ್ಟು ಒತ್ತಬೇಕು, ಎರಡು ಸೆಕೆಂಡ್ ಸಾಕು. ಆಣಿ ಆಗಿ ಚರ್ಮ ಗಟ್ಟಿಯಾದ ಕಡೆ ಒತ್ತಬಾರದು. ಇದೆಲ್ಲ ಪುಸ್ತಕದಲ್ಲೂ ಇದೆ. ಆದರೆ ಆ ಎಳೆಯೂ ದಣಿಯುತ್ತದೆ ಅನ್ನುವುದನ್ನು ನನ್ನ ಕೋರ್ಸಿನಲ್ಲಿ ಯಾರೂ ಹೇಳಿರಲಿಲ್ಲ. ಒಂದೇ ದಿನ 10-15 ಜನರಿಗೆ ಬಳಸಿದರೆ ಅದರ ಬಿಗಿ ಸಡಿಲಾಗುತ್ತದೆ, 24 ಗಂಟೆ ಬಿಡಬೇಕು. 70-90 ಜನರಾದ ಮೇಲೆ ಬದಲಿಸಬೇಕು. ನವೆಂಬರ್ 14ರ ಮಧುಮೇಹ ದಿನದ ಕ್ಯಾಂಪ್‌ಗಳಲ್ಲಿ ಒಂದೇ ಎಳೆ ಹಿಡಿದು ಇಡೀ ಓಣಿಯ ಪಾದ ನೋಡುವವರಿದ್ದಾರೆ. ಆ ರಿಪೋರ್ಟ್‌ಗೆ ಎಷ್ಟು ಅರ್ಥ ಇದೆ ಹೇಳಿ! ಕ್ಯಾಂಪ್‌ಗೆ ನಾನು ಈಗ ನಾಲ್ಕೈದು ಎಳೆ ಒಯ್ಯುತ್ತೇನೆ. ಅಷ್ಟಿಲ್ಲದವರಿಗೆ ಅಲ್ಲೇ ಹೇಳಿಕೊಟ್ಟ ಇನ್ನೊಂದು ದಾರಿ ಇಪ್ಸ್‌ವಿಚ್ ಟಚ್ ಟೆಸ್ಟ್. ಪೇಷೆಂಟ್ ಕಣ್ಣು ಮುಚ್ಚಿರಬೇಕು, ನಾವು ಬೆರಳ ತುದಿಯಿಂದ ಎರಡೂ ಪಾದದ ಒಂದನೇ, ಮೂರನೇ, ಐದನೇ ಬೆರಳನ್ನು ಮೆತ್ತಗೆ ಮುಟ್ಟಬೇಕು. ಖರ್ಚೇ ಇಲ್ಲ. ಆಶಾ ಕಾರ್ಯಕರ್ತೆಯರಿಗೆ ತೋರಿಸಿದರೆ ಕೂಡಲೇ ಹಿಡಿದುಕೊಳ್ಳುತ್ತಾರೆ.

ಮೂರನೇದು ಚಪ್ಪಲಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಎಂಸಿಆರ್ ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್ ಪದರದ ಚಪ್ಪಲಿ ಬೇಕು. ಆ ಶೀಟ್ ಯಾರ ಹತ್ತಿರ ಸಿಗುತ್ತದೆ, ಎಷ್ಟು ಮೆತ್ತಗಿರಬೇಕು, ಹಿಂದೆ ಪಟ್ಟಿ ಯಾಕೆ ಬೇಕು ಅನ್ನುವುದನ್ನು ಸಂಘದ ಒಬ್ಬ ಸದಸ್ಯರಿಂದ ಕಲಿತು, ನಮ್ಮ ಊರಿನ ಒಬ್ಬ ಚಮ್ಮಾರರಿಗೆ ಕಲಿಸಿದೆವು. ಈಗ ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಕೊಲ್ಹಾಪುರಿ ಚಪ್ಪಲಿ ನಮ್ಮ ಭಾಗದ ಹೆಮ್ಮೆ. 2019ರಲ್ಲಿ ಸಿಕ್ಕ ಜಿಐ ಟ್ಯಾಗ್‌ನಲ್ಲಿ (ಇಂಥ ಪ್ರದೇಶದ್ದೇ ವಸ್ತು ಅನ್ನುವ ಸರಕಾರಿ ಗುರುತು) ಧಾರವಾಡ ಜಿಲ್ಲೆಯೂ ಇದೆ. ಆದರೆ ಶುಗರ್‌ನಿಂದ ಸ್ಪರ್ಶ ಹೋದವರಿಗೆ ಅದರ ಗಟ್ಟಿ ತೊಗಲು ಮತ್ತು ಹೆಬ್ಬೆರಳ ಉಂಗುರ ಬೇಡವೇ ಬೇಡ. ಬೇಸರ ಮಾಡಿಕೊಳ್ಳುತ್ತಾರೆ, ಆದರೂ ಹೇಳಲೇಬೇಕು.

ಬರಿಗಾಲ ವಿಷಯ ಇನ್ನೂ ಸೂಕ್ಷ್ಮ. ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ, ಬಿಸಿಲು ಏರಿದ ಹೊತ್ತು, ಟಾರು ರಸ್ತೆ. "ಹೋಗಬೇಡಿ" ಅಂದರೆ ಯಾರೂ ಕೇಳುವುದಿಲ್ಲ, ಮುಂದಿನ ಸಲ ಕ್ಲಿನಿಕ್‌ಗೇ ಬರುವುದಿಲ್ಲ. ಪಂಢರಪುರದ ವಾರಿ ಪಾದಯಾತ್ರೆಗೆ ಹೊರಡುವವರ ಕಾಲು ನೋಡುವ ಮಹಾರಾಷ್ಟ್ರದ ಸದಸ್ಯರನ್ನು ಕೇಳಿದೆ. ಹೊರಡುವ ಮುಂಚೆ ಪರೀಕ್ಷೆ ಇಡಿ, ಸ್ಪರ್ಶ ಹೋದವರನ್ನು ಮಾತ್ರ ಗುರುತಿಸಿ, ಅವರಿಗೆ ಚಪ್ಪಲಿ ಒಪ್ಪಿಸಿ, ದಿನಾ ರಾತ್ರಿ ಪಾದದ ಅಡಿ ಇನ್ನೊಬ್ಬರಿಂದ ನೋಡಿಸಿಕೊಳ್ಳಲು ಹೇಳಿ ಅಂದರು. ಅದು ನಡೆಯುತ್ತದೆ. ದೇವರ ಹತ್ತಿರ ಹೋಗುವವರ ಜೊತೆ ವಾದ ಮಾಡದೇ ಕೆಲಸ ಆಗುತ್ತದೆ.

ಇನ್ನು ಬೈಗುಳ. ವಾರ್ಷಿಕ ಸಮ್ಮೇಳನ ಅಂದರೆ ಬೆಂಗಳೂರು, ಚೆನ್ನೈ, ಮುಂಬೈ ಇಷ್ಟೇ. ನಮಗೆ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಅದೇನೋ ಸರಿ. ಆದರೆ ಸ್ಟಾರ್ ಹೋಟೆಲ್‌ನಲ್ಲಿ ಮಾಡುವ ರಿಜಿಸ್ಟ್ರೇಷನ್ ಖರ್ಚು, ಎರಡು ದಿನ ಕ್ಲಿನಿಕ್ ಬಂದ್, ಇವೆಲ್ಲ ಸೇರಿದರೆ ವಾರ್ಷಿಕ ಶುಲ್ಕ ಏನೇನೂ ಅಲ್ಲ. ಅಲ್ಲಿ ಹೋದರೆ ಅರ್ಧ ಹಾಲ್ ಡ್ರೆಸ್ಸಿಂಗ್ ಕಂಪನಿಗಳ ಸ್ಟಾಲ್. ನಮ್ಮ ಪೇಷೆಂಟ್ ಕೊಳ್ಳಲಾಗದ ಪ್ಯಾಚ್‌ಗಳ ಬಗ್ಗೆ ಮುಕ್ಕಾಲು ಗಂಟೆ ಮಾತು. ಅದೇ ಸಮಯದಲ್ಲಿ ಒಳ್ಳೆಯ ಆಫ್‌ಲೋಡಿಂಗ್ (ಪಾದದ ಭಾರ ಇಳಿಸುವ) ವರ್ಕ್‌ಶಾಪ್ ಸಣ್ಣ ರೂಮಿನಲ್ಲಿ ಜಾಗ ಸಾಲದೇ ನಡೆಯುತ್ತಿರುತ್ತದೆ. ವೆಬಿನಾರ್‌ಗಳು ಸರಿಯಾಗಿ ಸಂಜೆ ಓಪಿಡಿ ಹೊತ್ತಿಗೇ. ಹಾಜರಾದದ್ದಕ್ಕೆ ಸಿಗುವ ಕ್ರೆಡಿಟ್ ಅವರ್ ರಿಜಿಸ್ಟ್ರೇಷನ್ ನವೀಕರಿಸುವ ಡಾಕ್ಟರ್‌ಗಳಿಗೆ ಉಪಯೋಗ, ಫಿಸಿಯೋಗಳಿಗೆ ಅದರಿಂದ ಏನೂ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುವುದು ಕನ್ನಡದ ವಿಷಯಕ್ಕೆ. ಪೇಷೆಂಟ್‌ಗೆ ಕೊಡುವ ಹಾಳೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕೇಳಿದರೆ "ನೀವೇ ಮಾಡಿ ಕಳಿಸಿ" ಅಂದರು. ಮಾಡಿ ಕಳಿಸಿದೆ. ಸಂಘದ ಪುಟಕ್ಕೆ ಇನ್ನೂ ಬಂದಿಲ್ಲ, ನನ್ನ ಕ್ಲಿನಿಕ್‌ನಲ್ಲಿ ಮಾತ್ರ ಹಂಚುತ್ತಿದ್ದೇನೆ.

ಸದಸ್ಯರಿಗೆ ಓದುವ ಸಾಮಗ್ರಿ ಕೊಡುತ್ತೇವೆ ಅಂತ ಸಂಘದವರು ದೊಡ್ಡದಾಗಿ ಹೇಳುತ್ತಾರೆ. ಅದಕ್ಕೆ ಮಾರುಹೋಗಬೇಡಿ. ಪಾದದ ವಿಷಯದಲ್ಲಿ ಎಲ್ಲರೂ ಒಪ್ಪುವ ಐಡಬ್ಲ್ಯೂಜಿಡಿಎಫ್ (ಶುಗರ್ ಪಾದದ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ತಜ್ಞರ ಗುಂಪು) ಮಾರ್ಗಸೂಚಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. 2023ರ ಆವೃತ್ತಿಯಲ್ಲಿ ಶಾರ್ಕೋ ಬಗ್ಗೆಯೂ ಬೇರೆ ಅಧ್ಯಾಯವೇ ಇದೆ. ಯಾವ ಪೇಷೆಂಟ್‌ನನ್ನು ಎಷ್ಟು ದಿನಕ್ಕೊಮ್ಮೆ ಕರೆಯಬೇಕು ಅನ್ನುವುದೂ ಅದರಲ್ಲಿದೆ. ಸ್ಪರ್ಶ, ರಕ್ತ ಹರಿವು ಸರಿ ಇದ್ದವರಿಗೆ ವರ್ಷಕ್ಕೊಮ್ಮೆ, ಹಿಂದೆ ಹುಣ್ಣಾಗಿದ್ದವರಿಗೆ ಒಂದರಿಂದ ಮೂರು ತಿಂಗಳಿಗೊಮ್ಮೆ. ಓದುವುದಕ್ಕಾಗಿ ಮಾತ್ರ ಸೇರುವುದಾದರೆ ಸೇರಬೇಡಿ.

ಇನ್ನೂ ಓದುತ್ತಿರುವವರಾದರೆ ವಿದ್ಯಾರ್ಥಿ ದರ ಇದೆಯಾ ಅಂತ ಮೊದಲು ಕೇಳಿ. ದೊಡ್ಡ ಆಸ್ಪತ್ರೆಯಲ್ಲಿ ತಂಡದ ಜೊತೆ ಇರುವವರು ಒಂದೆರಡು ವರ್ಷ ತಡೆದರೂ ನಡೆಯುತ್ತದೆ. ರೋಣ, ಹಾನಗಲ್, ನವಲಗುಂದದಂಥ ಊರಿನಲ್ಲಿ ಒಬ್ಬರೇ ಕೂತು ಶುಗರ್ ಪಾದ ನೋಡುತ್ತಿದ್ದೀರಾ? ಈ ವರ್ಷವೇ ಸೇರಿ. ಒಮ್ಮೆಗೇ ಆಜೀವ ಸದಸ್ಯತ್ವ ತಗೋಬೇಡಿ, ಒಂದು ವರ್ಷದ್ದು ಇದ್ದರೆ ಅದನ್ನು ತಗೊಳ್ಳಿ. ದುಡ್ಡು ಕಟ್ಟುವ ಮುಂಚೆ ಒಬ್ಬ ಹಳೆಯ ಸದಸ್ಯರನ್ನು ಹಿಡಿದು, ಕೇಸ್ ಗ್ರೂಪ್‌ನಲ್ಲಿ ಕೊನೆಯ ಪ್ರಶ್ನೆ ಯಾವಾಗ ಬಂದಿತ್ತು, ಉತ್ತರ ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ಕೇಳಿ. ಉತ್ತರ ಮರುದಿನದೊಳಗೆ ಬರುತ್ತಿದ್ದರೆ ಕಟ್ಟಿ.

ನನ್ನ ರೇಟಿಂಗ್ ಐದಕ್ಕೆ ಮೂರೂವರೆ. ಆ ಕನ್ನಡ ಹಾಳೆ ಪುಟಕ್ಕೆ ಹಾಕಿದ ದಿನ ನಾಲ್ಕು ಕೊಡುತ್ತೇನೆ.