ನಮ್ಮ ಸರ್ಜನ್ ಇಲ್ಲದ ಹಾರ್ಟ್ ಕ್ಲಿನಿಕ್ಕು: ಐದಕ್ಕೆ ಮೂರೂವರೆ

ನಮ್ಮ ಸರ್ಜನ್ ಬದುಕಿದ್ದಾಗ ಕೇಳಿದ್ದರೆ ಕಣ್ಣು ಮುಚ್ಚಿ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ಅದು ಅವರಿಗೆ ಕೊಟ್ಟ ಸ್ಟಾರ್ ಆಗುತ್ತಿತ್ತು, ಕ್ಲಿನಿಕ್ಕಿಗಲ್ಲ. ಅವರು ತೀರಿಕೊಂಡ ಮೇಲೆಯೇ ಕ್ಲಿನಿಕ್ಕು ಅಂತ ಒಂದಿದೆ ಎನ್ನುವುದು ನನ್ನ ಕಣ್ಣಿಗೆ ಬಿದ್ದದ್ದು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಡಾಕ್ಟರ ಹೆಸರೂ ಬೇಡ. ಆಪರೇಷನ್ ಆಗಿ ಫಾಲೋಅಪ್‌ನಲ್ಲಿ ಇರುವವರಿಗೆ ಉಪಯೋಗವಾದರೆ ಸಾಕು.

ನನ್ನದು ಮೈಟ್ರಲ್ ವಾಲ್ವ್, ಹಾರ್ಟಿನ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಅದನ್ನು ಹಾಳು ಮಾಡಿತ್ತು. ಈಗ ಅಲ್ಲಿರುವುದು ಮೆಕ್ಯಾನಿಕಲ್ ವಾಲ್ವ್. ಎಲ್ಲರೂ ಮೆಟಲ್ ವಾಲ್ವ್ ಅಂತಾರೆ, ಆದರೆ ತೆರೆದು ಮುಚ್ಚುವ ಆ ಎರಡು ಎಲೆಗಳು ಕಾರ್ಬನ್ನಿನವು. ರಾತ್ರಿ ಮನೆ ತಣ್ಣಗಾದಾಗ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಮೊದಮೊದಲು ಆ ಸದ್ದಿಗೆ ಹೆದರಿ ಓಡಿದ್ದೆ. ಡಾಕ್ಟ್ರು ಸ್ಟೆತೊಸ್ಕೋಪ್ ಕೂಡ ಎತ್ತಲಿಲ್ಲ. ಬಾಗಿಲ ಹತ್ತಿರವೇ ನಿಂತು ಕಿವಿ ಕೊಟ್ಟು, "ಇಲ್ಲಿಗೇ ಕೇಳಿಸ್ತಿದೆ. ಚೆನ್ನಾಗಿ ಮುಚ್ಕೊಳ್ತಿದೆ ಅಂತ ಅರ್ಥ. ಸದ್ದು ಮಂಕಾದ್ರೆ ತಕ್ಷಣ ಬನ್ನಿ. ಜೋರಾಗಿದ್ರೆ ಆರಾಮಾಗಿ ಮಲ್ಕೊಳ್ಳಿ" ಎಂದರು. ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿದರೆ ಆ ಟಿಕ್ ಮಂಕಾಗುತ್ತದಂತೆ. ಅವತ್ತಿನಿಂದ ಅದೇ ಸದ್ದು ನನಗೆ ಧೈರ್ಯ.

ಅವರ ಮೇಜಿನ ಮೇಲೆ ಹಳೇ ಕಾಲದ ವಾಲ್ವ್ ಒಂದು ಇರುತ್ತಿತ್ತು. ಲೋಹದ ಪಂಜರ, ಒಳಗೊಂದು ಚೆಂಡು. 1960ರಲ್ಲಿ ಆಲ್ಬರ್ಟ್ ಸ್ಟಾರ್ ಎಂಬ ಅಮೆರಿಕದ ಸರ್ಜನ್ ಇಂಥದ್ದನ್ನು ಕೂರಿಸಿಯೇ ರೋಗಿಗಳನ್ನು ವರ್ಷಗಟ್ಟಲೆ ಬದುಕಿಸಿದ್ದು ಎಂದು ಹೇಳಿ, ಅದನ್ನು ನಮ್ಮ ಕೈಗೇ ಕೊಟ್ಟುಬಿಡುತ್ತಿದ್ದರು.

ಈಗ ಬೇಸರದ ವಿಷಯ. ಅವರು ಹೋದ ಸುದ್ದಿ ನನಗೆ ಕ್ಲಿನಿಕ್ಕಿನಿಂದ ಬರಲೇ ಇಲ್ಲ. ಬಂದದ್ದು ಒಂದು ಮೆಸೇಜು: ನಿಮ್ಮ ಅಪಾಯಿಂಟ್‌ಮೆಂಟ್ ಬೇರೆ ವೈದ್ಯರಿಗೆ ಬದಲಾಗಿದೆ. ಫೋನ್ ಮಾಡಿದರೆ "ಡಾಕ್ಟರ್ ಅವೈಲಬಲ್ ಇಲ್ಲ ಸರ್" ಎಂದರು. ನಿಜ ಗೊತ್ತಾದದ್ದು ಹಾರ್ಟಿನ ಸ್ಕ್ಯಾನ್ ಮಾಡುವ ಎಕೋ ರೂಮಿನ ಹೊರಗೆ, ಪಕ್ಕದ ಕುರ್ಚಿಯಲ್ಲಿದ್ದ ಬೈಪಾಸ್ ರೋಗಿಯೊಬ್ಬರಿಂದ. ಎದೆಮೂಳೆ ಕೊಯ್ದು, ಹಾರ್ಟ್ ನಿಲ್ಲಿಸಿ, ಮತ್ತೆ ಹೊಡೆಯುವಂತೆ ಮಾಡಿದ ಮನುಷ್ಯ ಅವರು. ಅವರು ತೀರಿಕೊಂಡಿದ್ದಾರೆ ಎಂದು ಒಂದು ಸಾಲು ಬರೆಯಲು ಏನು ಕಷ್ಟ? ಒಂದು ಸ್ಟಾರ್ ಇಲ್ಲೇ ಹೋಯಿತು.

ಈ ದುಃಖಕ್ಕೆ ಜಾಗವೂ ಇಲ್ಲ ನೋಡಿ. ಅವರು ನೆಂಟರಲ್ಲ, ಗೆಳೆಯರಲ್ಲ. ಅವರ ಮನೆಯವರಿಗೆ ನಾನು ಯಾರೋ. "ನಿಮ್ಮ ಡಾಕ್ಟರು ಹೋದ್ರಂತೆ, ಪಾಪ" ಎಂದು ನನ್ನ ಹತ್ತಿರ ಬಂದು ಹೇಳುವವರೂ ಇಲ್ಲ. ಅದರ ಮೇಲೆ ಭಯ. ಎದೆ ಸ್ವಲ್ಪ ಡವಗುಟ್ಟಿದರೂ, ಇನ್ನು ಇದನ್ನು ಬಿಚ್ಚಿ ನೋಡುವವರು ಯಾರು ಎಂಬ ಯೋಚನೆ. ಪೆದ್ದು ಯೋಚನೆ ಅಂತ ಗೊತ್ತು. ಆದರೂ ಬರುತ್ತದೆ, ಅಲ್ವಾ?

ಹೊಸ ಸರ್ಜನ್ ಒಬ್ಬ ಮೇಡಂ. ಕುಂದು ಹುಡುಕುವ ಮನಸ್ಸಿನಿಂದಲೇ ಒಳಗೆ ಹೋದೆ. ಮೇಜಿನ ಮೇಲೆ ಆ ಚೆಂಡಿನ ವಾಲ್ವ್ ಇರಲಿಲ್ಲ, ಅದಕ್ಕೇ ಅರ್ಧ ಸಿಟ್ಟು ಬಂತು. ಅವರು ನನ್ನ ಫೈಲ್ ತೆಗೆದು ಆಪರೇಷನ್ ನೋಟ್ಸ್ ಇರುವ ಹಾಳೆಗೆ ಹೋದರು. ಸುಮ್ನೆ ಕಣ್ಣಾಡಿಸಲಿಲ್ಲ, ಬೆರಳಿಟ್ಟು ಓದಿದರು. ಒಂದು ಸಾಲಿನ ಹತ್ತಿರ ಬೆರಳು ನಿಂತಿತು. "ನೋಡಿ, ನಿಮ್ಮ ಸ್ವಂತ ವಾಲ್ವಿನ ಹಿಂಬದಿಯ ಎಸಳನ್ನೂ ಅದರ ದಾರಗಳನ್ನೂ ಉಳಿಸಿದ್ದಾರೆ" ಎಂದರು. ವಾಲ್ವಿನ ಎಸಳಿಗೂ ಹಾರ್ಟಿನ ಗೋಡೆಯ ಸ್ನಾಯುವಿಗೂ ನಡುವೆ ಸಣ್ಣ ಸಣ್ಣ ದಾರಗಳಿರುತ್ತವೆ. ಪೂರ್ತಿ ಕತ್ತರಿಸಿ ತೆಗೆದು ಹೊಸ ವಾಲ್ವ್ ಕೂರಿಸುವುದು ಸುಲಭ. ಆದರೆ ದಾರ ಉಳಿದರೆ ದೇಹಕ್ಕೆ ರಕ್ತ ತಳ್ಳುವ ಕೋಣೆಯಾದ ಎಡ ಕುಹರದ ಆಕಾರ, ಶಕ್ತಿ ಎರಡೂ ಚೆನ್ನಾಗಿ ಉಳಿಯುತ್ತವೆ. ರುಮ್ಯಾಟಿಕ್ ಆದ ವಾಲ್ವಿನಲ್ಲಿ ಎಲ್ಲ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಉಳಿಸಲು ತಾಳ್ಮೆ ಬೇಕು. "ಅವಸರ ಮಾಡಿಲ್ಲ ಅವರು" ಎಂದರು ಮೇಡಂ. ನಮ್ಮ ಡಾಕ್ಟ್ರು ಇದನ್ನು ಒಂದು ದಿನವೂ ನನ್ನ ಹತ್ತಿರ ಹೇಳಿಕೊಂಡಿರಲಿಲ್ಲ. ಗಂಟಲು ಕಟ್ಟಿತು. ಮೇಡಂ ಎಕೋ ರಿಪೋರ್ಟ್ ನೋಡುವವರಂತೆ ತಲೆ ತಗ್ಗಿಸಿ ನನಗೆ ಸ್ವಲ್ಪ ಹೊತ್ತು ಬಿಟ್ಟರು. ಅದು ನನಗೆ ಇಷ್ಟವಾಯಿತು.

ಇನ್ನೊಂದು ಮಾತನ್ನೂ ಬಿಡಿಸಿ ಹೇಳಿದರು. ವಾಲ್ವ್ ಕೂತು ಗಾಯ ಮಾಗಿದ ಮೇಲೆ ಸರ್ಜನ್ ಕೆಲಸ ಹೆಚ್ಚು ಕಡಿಮೆ ಮುಗಿದಂತೆ. ಮುಂದಿನದೆಲ್ಲ ಕಾರ್ಡಿಯಾಲಜಿಸ್ಟ್, ಎಕೋ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ, ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್‌ಆರ್. ನಮ್ಮ ಡಾಕ್ಟ್ರು ನನ್ನನ್ನು ಕರೆದು ನೋಡುತ್ತಿದ್ದದ್ದು ಪ್ರೀತಿಯಿಂದ.

ಐಎನ್‌ಆರ್ ಕೌಂಟರಿನ ಸಿಸ್ಟರ್ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. ಡಾಕ್ಟರು ಬದಲಾದ ಗಲಿಬಿಲಿಯಲ್ಲಿ ಜೂನಿಯರ್ ಒಬ್ಬರು ನನ್ನ ಪುಸ್ತಕದಲ್ಲಿ ಗುರಿ 2ರಿಂದ 3 ಎಂದು ಬರೆದಿದ್ದರು. ಅದು ಸಾಮಾನ್ಯವಾಗಿ ಹಾರ್ಟಿನಿಂದ ದೇಹಕ್ಕೆ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ವಾಲ್ವಿನವರಿಗೆ. ಮೈಟ್ರಲ್ ಜಾಗದಲ್ಲಿ ಮೆಕ್ಯಾನಿಕಲ್ ವಾಲ್ವ್ ಇದ್ದರೆ 2.5ರಿಂದ 3.5 ಇಡುತ್ತಾರೆ. ಈ ಸಂಖ್ಯೆ ಕಡಿಮೆಯಿದ್ದು ರಕ್ತ ಅಗತ್ಯಕ್ಕಿಂತ ಗಟ್ಟಿಯಾದರೆ ವಾಲ್ವಿನಲ್ಲಿ ಹೆಪ್ಪು, ಅಲ್ಲಿಂದ ಸ್ಟ್ರೋಕ್. ಸಿಸ್ಟರ್ ಹಳೇ ಪುಟ ತಿರುವಿ ನಮ್ಮ ಡಾಕ್ಟ್ರ ಕೈಬರಹ ತೋರಿಸಿ, ಜೂನಿಯರ್‌ಗೆ ಫೋನ್ ಮಾಡಿ ಸರಿ ಮಾಡಿಸಿದರು. ಸದ್ದು ಗದ್ದಲ ಏನೂ ಇಲ್ಲ. ಆ ತಪ್ಪಿಗೆ ಅರ್ಧ ಸ್ಟಾರ್ ಕಡಿತ. ಸಿಸ್ಟರ್‌ಗೆ ಬೇರೆ ಕೊಡುವ ಹಾಗಿದ್ದರೆ ಐದಕ್ಕೆ ಆರು. ಉಳಿದಂತೆ ಕಾಯುವ ಹೊತ್ತು ಜಾಸ್ತಿ, ಬೆಂಚು ಗಟ್ಟಿ, ಬಿಲ್ಲಿಂಗ್ ಗೊಂದಲ. ಇದು ಮೊದಲೂ ಇತ್ತು. ಆಗ ಕಾಯುವುದು ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಅದಕ್ಕೆಲ್ಲ ಸೇರಿ ಏನೂ ಕಳೆದಿಲ್ಲ.

ನನ್ನಂತೆ ಡಾಕ್ಟರನ್ನು ಕಳೆದುಕೊಂಡವರು ಆಪರೇಷನ್ ನೋಟ್ಸಿನ ಪ್ರತಿ ಕೇಳಿ ಪಡೆಯಿರಿ, ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ವಾಲ್ವಿನ ಮಾದರಿ, ಅಳತೆ, ಸೀರಿಯಲ್ ನಂಬರ್ ಇರುವ ಕಾರ್ಡು ಪರ್ಸಿನಲ್ಲಿರಲಿ. ಹಲ್ಲು ಕೀಳಿಸುವ ಮುಂಚೆ ಆಂಟಿಬಯಾಟಿಕ್ ಬೇಕಾಗುತ್ತದೆ ಎಂದು ಹಲ್ಲಿನ ಡಾಕ್ಟರಿಗೆ ನೀವೇ ನೆನಪಿಸಿ. ಹೊಸಬರ ಹತ್ತಿರ ಮೊದಲ ಸಲ ಹೋಗುವಾಗ ಬೆಳಗಿನ ಮೊದಲ ಟೋಕನ್ ಸಿಗುತ್ತದಾ ನೋಡಿ, ಫೈಲ್ ಓದಲು ಅವರಿಗೂ ಪುರುಸೊತ್ತು ಇರುತ್ತದೆ.