ಹಳೆಯ ಜಿಪ್ಸಿಗೆ ವೈಡ್ ಟ್ರ್ಯಾಕ್ ಆಕ್ಸಲ್: 90 ಮಿಲಿಮೀಟರಿನ ಲೆಕ್ಕ

ಮಾರುತಿ ಜಿಪ್ಸಿ 1985ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಮುಂದಿನ ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು 1210 ಮಿ.ಮೀ. ಇತ್ತು. 1993ರಲ್ಲಿ ಕಂಪನಿ ಆ ಅಂತರಕ್ಕೆ 90 ಮಿ.ಮೀ. ಸೇರಿಸಿ ಮುಂದೆ 1300, ಹಿಂದೆ 1310 ಮಾಡಿತು. ಚಕ್ರದ ಮೇಲೆ ಅಗಲವಾದ ಅಂಚು ಕಟ್ಟಿಕೊಂಡು ಬಂದ ಆ ಮಾದರಿಯನ್ನೇ ನಾವೆಲ್ಲ ಇಂದಿಗೂ ವೈಡ್ ಟ್ರ್ಯಾಕ್ ಎಂದು ಕರೆಯುತ್ತೇವೆ. ನನ್ನಲ್ಲಿರುವುದು ಅದಕ್ಕೂ ಹಿಂದಿನ ಕಿರಿದಾದ ಗಾಡಿ. ಸಕಲೇಶಪುರದ ಕಡೆ ಸ್ನೇಹಿತರೊಬ್ಬರ ಕಾಫಿ ತೋಟದೊಳಗೆ ಹರಿಯುವ ಹಳ್ಳದಲ್ಲಿ, ಬೇಸಿಗೆಯಲ್ಲಿ ನೀರಿಳಿದ ಮೇಲೆ, ಬಂಡೆಯಿಂದ ಬಂಡೆಗೆ ಅದನ್ನು ಹತ್ತಿಸುವುದು ಹಲವು ವರ್ಷಗಳಿಂದ ನಡೆದುಕೊಂಡು ಬಂದಿದೆ. ಅಗಲ ಸಾಲದು ಅನ್ನಿಸಿದಾಗ ನಾನು ಮೊದಲು ಸ್ಪೇಸರ್ ಹಾಕಿಸಿದೆ, ಆಮೇಲೆ ಅದನ್ನು ಬಿಚ್ಚಿಸಿ ಕಂಪನಿಯದೇ ಹಳೆಯ ವೈಡ್ ಟ್ರ್ಯಾಕ್ ಆಕ್ಸಲ್ (ಎಡ ಬಲ ಚಕ್ರಗಳನ್ನು ಹೊರುವ ಅಡ್ಡ ಅಚ್ಚು) ಜೋಡಿ ಕೂರಿಸಿದೆ. ಎರಡರಿಂದಲೂ ಸಿಕ್ಕ ಅಗಲ ಒಂದೇ ಆಗಿದ್ದರಿಂದ ಅವುಗಳ ವ್ಯತ್ಯಾಸ ನನಗೆ ಸ್ಪಷ್ಟವಾಗಿ ತಿಳಿಯಿತು.

ಸ್ಪೇಸರ್ ಎಂದರೆ ಆಕ್ಸಲ್ ತುದಿಯಲ್ಲಿ ತಿರುಗುವ ಹಬ್‌ಗೂ, ಟೈರು ಕೂರುವ ಲೋಹದ ಡಿಸ್ಕಿಗೂ ನಡುವೆ ಕೂರುವ ಅಲ್ಯೂಮಿನಿಯಂ ಬಿಲ್ಲೆ. ಪ್ರತಿ ಚಕ್ರಕ್ಕೆ 45 ಮಿ.ಮೀ. ದಪ್ಪದ್ದು ಹಾಕಿದರೆ ಎರಡೂ ಕಡೆ ಸೇರಿ 90 ಆಗುತ್ತದೆ. ಅರ್ಧ ದಿನದ ಕೆಲಸ, ಖರ್ಚೂ ಕಡಿಮೆ. ಸಮತಟ್ಟಾದ ರಸ್ತೆಯಲ್ಲಿ ಗಾಡಿ ಗಟ್ಟಿಯಾಗಿ ನಿಂತಂತೆ ಅನ್ನಿಸಿದ್ದೂ ನಿಜ. ಆದರೆ ಮೊದಲ ಸಲ ಹಳ್ಳಕ್ಕೆ ಇಳಿಸಿದ ದಿನವೇ ಎಡ ಮುಂದಿನ ಚಕ್ರ ಒಂದು ಚೂಪು ಕಲ್ಲಿಗೆ ಓರೆಯಾಗಿ ತಾಗಿದಾಗ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಅರ್ಧ ಸುತ್ತು ತಿರುಗಿತು. ಒಳಗಡೆ ಸಿಕ್ಕಿದ್ದ ನನ್ನ ಹೆಬ್ಬೆರಳು ಹದಿನೈದು ದಿನ ಊದಿಕೊಂಡಿತ್ತು. ಕಾರಣ ಸರಳವಾಗಿದೆ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕಿಂಗ್‌ಪಿನ್ನಿನ ಗೆರೆಯನ್ನು ನೆಲದವರೆಗೆ ಎಳೆದರೆ, ಆ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುಗೆರೆಗೂ ಇರುವ ದೂರವನ್ನು ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. ಸ್ಪೇಸರ್ ಟೈರನ್ನು ಮಾತ್ರ ಹೊರಗೆ ತಳ್ಳುತ್ತದೆ, ಕಿಂಗ್‌ಪಿನ್ ಇದ್ದಲ್ಲೇ ಇರುತ್ತದೆ. ಹಾಗಾಗಿ ಆ ದೂರ 45 ಮಿ.ಮೀ.ನಷ್ಟು ಬೆಳೆದು, ಕಲ್ಲಿನ ಪ್ರತಿಯೊಂದು ಹೊಡೆತಕ್ಕೂ ಅಷ್ಟು ಉದ್ದದ ಸನ್ನೆಕೋಲನ್ನು ನಾವೇ ಒದಗಿಸಿದಂತಾಗುತ್ತದೆ. ಅದೇ ಸನ್ನೆಕೋಲು ಚಕ್ರದ ಬೇರಿಂಗನ್ನೂ ತಿನ್ನುತ್ತದೆ. ನನ್ನ ಗಾಡಿಯಲ್ಲಿ ಒಂದೇ ಬೇಸಿಗೆಯಲ್ಲಿ ಮುಂದಿನ ಎರಡೂ ಬೇರಿಂಗ್ ಸದ್ದು ಮಾಡತೊಡಗಿದವು, ಬಿಚ್ಚಿ ನೋಡಿದಾಗ ಒಂದು ಸ್ಪೇಸರಿನ ಸ್ಟಡ್ (ಚಕ್ರ ಬಿಗಿಯುವ ಬೋಲ್ಟ್) ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಮಾರಿದವರು ಅದನ್ನು ಬದಲಾಯಿಸಿಕೊಡಲು ಒಪ್ಪಲಿಲ್ಲ.

ವೈಡ್ ಟ್ರ್ಯಾಕ್ ಆಕ್ಸಲ್‌ನಲ್ಲಿ ಹೊರಗೆ ಸರಿಯುವುದು ಟೈರು ಮಾತ್ರವಲ್ಲ, ಕಿಂಗ್‌ಪಿನ್, ಹಬ್, ಬ್ರೇಕು ಎಲ್ಲವೂ ಒಟ್ಟಿಗೆ ಸರಿಯುತ್ತವೆ. ಅದೇ ಕಲ್ಲಿಗೆ, ಅದೇ ಓರೆಯಲ್ಲಿ, ಬೇಕೆಂದೇ ನಿಧಾನವಾಗಿ ತಾಗಿಸಿ ನೋಡಿದೆ. ಸ್ಟಿಯರಿಂಗ್ ನಡುಗಿತೇ ಹೊರತು ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಕಿರಿದಾದ ಆಕ್ಸಲ್ ಇದ್ದಾಗ 215/75 ಆರ್15 ಟೈರು ಪೂರ್ತಿ ತಿರುಗಿಸಿದರೆ ಕಮಾನು ಪಟ್ಟಿಗೆ (ಲೀಫ್ ಸ್ಪ್ರಿಂಗಿಗೆ) ಉಜ್ಜಿ, ಪಟ್ಟಿಯ ಅಂಚು ಕನ್ನಡಿಯಂತೆ ಹೊಳೆಯುತ್ತಿತ್ತು. ಈಗ ಆ ಹೊಳಪಿನ ಮೇಲೆ ತುಕ್ಕು ಕೂತಿದೆ, ತಿರುವಿನಲ್ಲಿ ಸ್ಟಿಯರಿಂಗನ್ನು ಕೊನೆಯವರೆಗೂ ಬಳಸಬಹುದು. ಕಮಾನು ಪಟ್ಟಿಗಳ ನಡುವಿನ ಅಂತರ ಮೊದಲಿನಷ್ಟೇ ಇದ್ದು ಚಕ್ರಗಳು ಮಾತ್ರ ಹೊರಗೆ ಹೋಗಿರುವುದರಿಂದ, ಪಟ್ಟಿಗಳು ಮೊದಲಿನಷ್ಟೇ ಬಾಗಿದರೂ ಚಕ್ರ ಸುಮಾರು ಶೇ 7ರಷ್ಟು ಹೆಚ್ಚು ಕೆಳಗಿಳಿದು ನೆಲವನ್ನು ಹುಡುಕುತ್ತದೆ.

ಗಾಡಿ ಮಗುಚುವ ಭಯವೇ ಅಗಲ ಹೆಚ್ಚಿಸಲು ಮುಖ್ಯ ಕಾರಣವಾಗಿರುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಚಕ್ರಗಳ ಅಂತರದ ಅರ್ಧವನ್ನು ಗಾಡಿಯ ಭಾರಕೇಂದ್ರದ ಎತ್ತರದಿಂದ ಭಾಗಿಸಿದರೆ ಅದು ಪಕ್ಕಕ್ಕೆ ಎಷ್ಟು ವಾಲಬಲ್ಲದು ಎಂಬುದರ ಅಂದಾಜು ಸಿಗುತ್ತದೆ. ಭಾರಕೇಂದ್ರ ನೆಲದಿಂದ 700 ಮಿ.ಮೀ. ಮೇಲಿದೆ ಎಂದುಕೊಳ್ಳೋಣ. 1210 ಅಗಲಕ್ಕೆ ಉತ್ತರ 0.86, ಅಂದರೆ ಸುಮಾರು 41 ಡಿಗ್ರಿ. 1300 ಅಗಲಕ್ಕೆ 0.93, ಅಂದರೆ ಸುಮಾರು 43 ಡಿಗ್ರಿ. ಕಮಾನು ಪಟ್ಟಿ, ಟೈರು ಬಾಗುವುದರಿಂದ ನಿಜವಾದ ಅಂಕಿ ಇನ್ನೂ ಕಡಿಮೆ. ಈಗ ಅದೇ ಅಗಲದ ಗಾಡಿಯನ್ನು ಎತ್ತರಿಸಿ ಭಾರಕೇಂದ್ರವನ್ನು 750ಕ್ಕೆ ಏರಿಸಿದರೆ ಉತ್ತರ ಮತ್ತೆ 0.87ಕ್ಕೆ ಬಂದು ನಿಲ್ಲುತ್ತದೆ. ಎರಡು ಇಂಚು ಎತ್ತರಿಸಿದವರು ಮೂರೂವರೆ ಇಂಚು ಅಗಲದಿಂದ ಗಳಿಸಿದ್ದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕಳೆದುಕೊಂಡಿರುತ್ತಾರೆ. ಆಕ್ಸಲ್, ಎತ್ತರ, ದೊಡ್ಡ ಟೈರು ಮೂರನ್ನೂ ಒಂದೇ ಸಲ ಮಾಡಿಸಿ, ಗಾಡಿ ಈಗ ಹೆಚ್ಚು ಭದ್ರವಾಯಿತು ಎಂದು ನಂಬಿಕೊಂಡು ಅಡ್ಡ ಇಳಿಜಾರಿಗೆ ನುಗ್ಗುವವರನ್ನು ಕಂಡಾಗ ನನಗೆ ನಿಜವಾಗಿಯೂ ಆತಂಕವಾಗುತ್ತದೆ.

ಹಾಗಾದರೆ ಇನ್ನೂ ಅಗಲ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ಅಮೆರಿಕದ ಮೋಆಬ್‌ನಂಥ ಬಯಲು ಬಂಡೆಗಳ ಮೇಲೆ ಓಡಿಸುವವರು ಜೀಪಿಗೆ ದೊಡ್ಡ ಪಿಕಪ್ಪಿನ ಡಾನಾ 60 ಆಕ್ಸಲ್ ಕೂರಿಸಿಕೊಳ್ಳುತ್ತಾರೆ; ಅದರಲ್ಲಿ ಚಕ್ರ ಕೂರುವ ಮುಖದಿಂದ ಮುಖಕ್ಕೇ ಸುಮಾರು 69 ಇಂಚು. ಅವರ ಸಲಹೆ ಅವರ ನೆಲಕ್ಕೆ ಸರಿ. ಮಲೆನಾಡಿನ ಹಳ್ಳದಲ್ಲಿ ಒಂದು ಪಕ್ಕ ಬಂಡೆಯಿದ್ದರೆ ಇನ್ನೊಂದು ಪಕ್ಕ ಮರದ ಬೇರು ಇರುತ್ತದೆ, ತೋಟದ ದಾರಿಯಲ್ಲಿ ಜೀಪು ಟ್ರ್ಯಾಕ್ಟರುಗಳು ಕೊರೆದ ಜಾಡು ಇರುತ್ತದೆ. 215 ಮಿ.ಮೀ. ಅಗಲದ ಟೈರು ಸೇರಿಸಿದರೆ ಕಿರಿದಾದ ಆಕ್ಸಲ್‌ನ ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು 1425 ಮಿ.ಮೀ., ಅಗಲದ್ದಕ್ಕೆ 1515. ನಾನು ಈ ಎರಡು ಅಳತೆಗಳಿಗೂ ಕಚ್ಚು ಹಾಕಿದ ಒಂದು ಬಿದಿರು ಗಳವನ್ನು ಗಾಡಿಯಲ್ಲೇ ಇಟ್ಟುಕೊಂಡಿದ್ದೇನೆ. ಆಕ್ಸಲ್ ಕೊಳ್ಳುವ ಮುಂಚೆ ಅದನ್ನು ಹಿಡಿದು ಇಡೀ ಹಳ್ಳದುದ್ದಕ್ಕೂ ನಡೆದು, ಪ್ರತಿಯೊಂದು ಸಂದಿಗೂ ಅಡ್ಡ ಇಟ್ಟು ನೋಡಿದ್ದೆ. ಹನ್ನೊಂದು ಸಂದಿಗಳಲ್ಲಿ ಎರಡು ಕಡೆ ಮಾತ್ರ ದೊಡ್ಡ ಕಚ್ಚು ತೂರಲಿಲ್ಲ. ಇನ್ನು ನಾಲ್ಕು ಕಡೆ, ಮೊದಲು ಗಾಡಿ ಕೆಳಗೆ ಸಿಕ್ಕಿ ಹೊಟ್ಟೆ ತಾಗುತ್ತಿದ್ದ ಜಾಗಗಳಲ್ಲಿ, ಎರಡೂ ಚಕ್ರಗಳನ್ನು ಎರಡು ಬಂಡೆಗಳ ತಲೆಯ ಮೇಲಿಟ್ಟು ದಾಟುವಷ್ಟು ಅಗಲ ಸಿಗುವಂತಿತ್ತು. ನನ್ನ ತೀರ್ಮಾನ ಆ ನಡಿಗೆಯಲ್ಲೇ ಆಯಿತು. ನಿಮ್ಮ ದಾರಿಯಲ್ಲಿ ಈ ಲೆಕ್ಕ ತಲೆಕೆಳಗಾದರೆ ಕಿರಿದಾದ ಆಕ್ಸಲ್ ಅನ್ನೇ ಉಳಿಸಿಕೊಳ್ಳಿ, ಅದರಲ್ಲಿ ಕೊರತೆಯೇನೂ ಇಲ್ಲ.

ಕೊಳ್ಳುವುದು ಮತ್ತು ಕೂರಿಸುವುದರ ಬಗ್ಗೆ ಕೆಲವು ಮಾತು. ಗುಜರಿಯಲ್ಲಿ ಸಿಗುವ ಆಕ್ಸಲ್‌ನ ಹೌಸಿಂಗ್ (ಹೊರ ಕವಚ) ಬಾಗಿದೆಯೇ ಎಂಬುದನ್ನು ದಾರ ಕಟ್ಟಿ ನೋಡಬೇಕು. ನಾನು ಮೊದಲು ಆರಿಸಿದ್ದರಲ್ಲಿ ನಡುವೆ ದಾರ ಬೆರಳಿನಷ್ಟು ದೂರ ನಿಂತಿತ್ತು, ಬಿಟ್ಟುಬಂದೆ. ಕಮಾನು ಪಟ್ಟಿ ಕೂರುವ ಸೀಟುಗಳ ಅಂತರವನ್ನೂ ಪ್ರೊಪೆಲ್ಲರ್ ಶಾಫ್ಟಿನ ಫ್ಲಾಂಜನ್ನೂ ಟೇಪು ಹಿಡಿದು ನಿಮ್ಮ ಗಾಡಿಯೊಂದಿಗೆ ಹೋಲಿಸಿಯೇ ಹಣ ಕೊಡಿ. ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡ್ ಮತ್ತು ಒಳಗಿನ ಶಾಫ್ಟುಗಳು ಉದ್ದದವಾದ್ದರಿಂದ ಅವನ್ನು ಆಕ್ಸಲ್ ಜೊತೆಗೇ ತರಬೇಕು, ಮನೆಯಲ್ಲಿ ಕೂಡಿಟ್ಟ ಹಳೆಯ ಬಿಡಿಭಾಗಗಳು ಇದಕ್ಕೆ ಬರುವುದಿಲ್ಲ. ಡಿಸ್ಕ್ ಮಾತ್ರ ಅದೇ ಐದು ಸ್ಟಡ್ಡಿನ, ಸ್ಟಡ್ಡುಗಳ ವೃತ್ತದ ವ್ಯಾಸ 139.7 ಮಿ.ಮೀ. ಇರುವ ಅಳತೆಯದು, ಹಳೆಯದೇ ಆಗುತ್ತದೆ. ಮುಂದಿನ ಆಕ್ಸಲ್ ಒಂದೇ ಸಿಕ್ಕಿತೆಂದು ಅದನ್ನಷ್ಟೇ ಹಾಕಿಸಬೇಡಿ; ಮುಂದಿನ ಚಕ್ರ ದಾಟಿದ ಕಲ್ಲಿನ ಒಳಮಗ್ಗುಲಿಗೆ ಹಿಂದಿನ ಚಕ್ರ ಜಾರುತ್ತದೆ. ಎಲ್ಲ ಸೇರಿ ನನಗೆ ಸ್ಪೇಸರಿನ ಐದಾರು ಪಟ್ಟು ಖರ್ಚಾಯಿತು, ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು.

ಕಾನೂನಿನ ಮಾತನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಒಂದೇ ಕಂಪನಿಯ ಆಕ್ಸಲ್ ಎಂಬ ಸಮಾಧಾನ ಅಲ್ಲಿ ನಡೆಯುತ್ತದೆಂದು ನಾನು ಭಾವಿಸಿಲ್ಲ. ನನ್ನ ಜಿಪ್ಸಿ ಈಗ ತೋಟದಲ್ಲೇ ಇರುತ್ತದೆ, ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ. ಅದೇ ಗಾಡಿಯಲ್ಲಿ ಊರಿನಿಂದ ಹೋಗಿ ಬರಬೇಕಾದವರಿಗೆ ನಾನು ಈ ಬದಲಾವಣೆಯನ್ನು ಸೂಚಿಸುವುದಿಲ್ಲ. ಅಂಥವರು ಕಿರಿದಾದ ಗಾಡಿಯನ್ನು ಮಾರಿ, ವೈಡ್ ಟ್ರ್ಯಾಕ್ ಆಗಿಯೇ ನೋಂದಣಿಯಾದ 1993ರ ನಂತರದ ಜಿಪ್ಸಿಯನ್ನು ಕೊಳ್ಳುವುದು ಒಳ್ಳೆಯದು.

ಕೂರಿಸಿ ಎರಡು ಬೇಸಿಗೆ ಕಳೆದಿವೆ. ಬೇರಿಂಗ್ ಒಂದನ್ನೂ ಬದಲಾಯಿಸಿಲ್ಲ, ಆಕ್ಸಲನ್ನು ಕಮಾನು ಪಟ್ಟಿಗೆ ಬಿಗಿಯುವ ಯೂ ಬೋಲ್ಟುಗಳನ್ನು ಮಾತ್ರ ಮೊದಲ ತಿಂಗಳಲ್ಲಿ ಎರಡು ಸಲ ಬಿಗಿಮಾಡಬೇಕಾಯಿತು. ದೊಡ್ಡ ಕಚ್ಚು ತೂರದ ಆ ಎರಡು ಸಂದಿಗಳಲ್ಲಿ ಒಂದಕ್ಕೆ ಎಡಗಡೆಯ ಹಾಸುಬಂಡೆಯ ಮೇಲಿನಿಂದ ದಾರಿ ಸಿಕ್ಕಿದೆ, ಇನ್ನೊಂದರ ಮುಂದೆ ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿಸುತ್ತೇನೆ.