ಸರ್ಕ್ಯೂಟ್ ಪಾಠಕ್ಕೆ ಯಾವುದು ಮೊದಲು: ಸೆಲ್-ಬಲ್ಬೋ, ಸಿಮ್ಯುಲೇಶನ್ನೋ?

1.5 ವೋಲ್ಟಿನ ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಒಂದೇ ತುಂಡು ವೈರ್ ಕೊಟ್ಟು ‘ಬಲ್ಬ್ ಹೊತ್ತಿಸಿ’ ಅನ್ನಿ. ಬಹಳಷ್ಟು ಮಕ್ಕಳು ಬಲ್ಬಿನ ತಳವನ್ನು ಮಾತ್ರ ಮುಟ್ಟಿಸಿ ಕಾಯುತ್ತಾರೆ. ತಳದ ಚುಕ್ಕೆ ಒಂದು ತುದಿ, ಪಕ್ಕದ ಲೋಹದ ಸುತ್ತು ಇನ್ನೊಂದು ಎಂಬುದು ತಡಕಾಡಿದ ಮೇಲೆಯೇ ಹೊಳೆಯುವುದು. ಹೋಲ್ಡರ್ ಕೊಟ್ಟರೆ ಈ ಪಾಠವೇ ತಪ್ಪಿಹೋಗುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್‌ನಲ್ಲೂ ಅಷ್ಟೇ, ಎರಡೂ ತುದಿಗಳನ್ನು ಅದೇ ಗುರುತಿಸಿ ಕೊಟ್ಟಿರುತ್ತದೆ. ಹಾಗಾಗಿ ಮೊದಲ ಪೀರಿಯಡ್ ಕೈಕೆಲಸಕ್ಕೇ ಇರಲಿ.

ನಾಲ್ವರ ಗುಂಪಿಗೆ 2 ಸೆಲ್, 2.5 ವೋಲ್ಟ್ 0.3 ಆಂಪಿಯರಿನ 3 ಬಲ್ಬ್, ತುದಿ ಸುಲಿದ 6 ವೈರ್ ಸಾಕು. ಎನಾಮಲ್ ಲೇಪದ ತಾಮ್ರದ ತಂತಿಯಾದರೆ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಲೇಬೇಕು. ಲೇಪ ಕಣ್ಣಿಗೆ ಕಾಣದು, ವಿದ್ಯುತ್ತನ್ನು ಮಾತ್ರ ಬಿಡದು. ಸೆಲ್ಲಿನ ಎರಡು ತುದಿಗೆ ನೇರ ವೈರ್ ಹಿಡಿದರೆ ಬಿಸಿಯೇರುತ್ತದೆ, ತಕ್ಷಣ ಬಿಡಬೇಕು. ಲಿಥಿಯಂ ಸೆಲ್ ಈ ಕೆಲಸಕ್ಕೆ ಬೇಡವೇ ಬೇಡ.

ಇನ್ನೊಂದು ಎಡವಟ್ಟು: ಬೇರೆ ಬೇರೆ ಅಳತೆಯ ಬಲ್ಬುಗಳು ಬೆರೆತುಹೋಗುವುದು. ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದರಂತೆ, ಜೋಡಿಸಿದಾಗ ಒಂದು ಹೊತ್ತಿ ಇನ್ನೊಂದು ಮಂಕಾದರೆ ‘ಮೊದಲ ಬಲ್ಬ್ ಕರೆಂಟ್ ತಿಂದುಬಿಟ್ಟಿತು’ ಎಂದೇ ಮಕ್ಕಳು ತೀರ್ಮಾನಿಸುತ್ತಾರೆ. ಬಲ್ಬುಗಳ ಜಾಗ ಅದಲುಬದಲು ಮಾಡಿಸಿ, ಮಂಕಾದದ್ದು ಎಲ್ಲಿಟ್ಟರೂ ಮಂಕೇ.

ಆದರೂ ಆ ತಪ್ಪು ಕಲ್ಪನೆ ಬೇರುಸಹಿತ ಹೋಗುವುದು ಪರದೆಯ ಮೇಲೆ. ಕೊಲರಾಡೊ ಬೋಲ್ಡರ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ (PhET) ಎಂಬ ಸಿಮ್ಯುಲೇಶನ್ ಯೋಜನೆಯ ಸರ್ಕ್ಯೂಟ್ ಕಿಟ್ ಉಚಿತ; ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಬಲ್ಬಿನ ಮೊದಲೂ ನಂತರವೂ ಎಲೆಕ್ಟ್ರಾನುಗಳು ಒಂದೇ ವೇಗದಲ್ಲಿ ಸಾಗುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು, ನಿಜವಾದ ತಂತಿಯಲ್ಲಿ ಸಾಧ್ಯವಿಲ್ಲ. 9 ವೋಲ್ಟಿಗೆ 10 ಓಮ್ ರೋಧದ (ಪ್ರವಾಹಕ್ಕೆ ಒಡ್ಡುವ ತಡೆ) ಒಂದು ಬಲ್ಬ್: 0.9 ಆಂಪಿಯರ್. ಎರಡು ಸರಣಿಯಲ್ಲಿ: 0.45. ಎರಡು ಸಮಾಂತರದಲ್ಲಿ, ಅಂದರೆ ಪ್ರತಿ ಬಲ್ಬಿಗೂ ಬೇರೆ ದಾರಿ ಇದ್ದಾಗ, ಬ್ಯಾಟರಿಯಿಂದ ಹೊರಡುವುದು 1.8. ಗುಂಡಿ ಒತ್ತುವ ಮೊದಲೇ ಊಹೆಯನ್ನು ಕಾಗದದಲ್ಲಿ ಬರೆಸದಿದ್ದರೆ ಮಕ್ಕಳು ಬ್ಯಾಟರಿಗೆ ಬೆಂಕಿ ಬರಿಸುವುದರಲ್ಲೇ ಪೀರಿಯಡ್ ಕಳೆಯುತ್ತಾರೆ.

ತಂತಿಗಳನ್ನು ಚುಚ್ಚಿ ಜೋಡಿಸುವ ರಂಧ್ರಗಳ ಹಲಗೆ, ಅಂದರೆ ಬ್ರೆಡ್‌ಬೋರ್ಡ್, ಮೂರನೆಯ ದಾರಿ. ಐದೈದು ರಂಧ್ರಗಳು ಒಳಗೇ ಕೂಡಿಕೊಂಡಿರುವುದರಿಂದ ಹೊಸಬರಿಗೆ ದಾರಿ ಕಾಣುವುದಿಲ್ಲ. ಎಲ್ಇಡಿ ಹಂತಕ್ಕೆ ಬಂದಾಗ ತೆಗೆಯಿರಿ: ಕೆಂಪು ಎಲ್ಇಡಿ, 9 ವೋಲ್ಟ್, 470 ಓಮ್ ರೆಸಿಸ್ಟರ್, ಸುಮಾರು 15 ಮಿಲಿಆಂಪಿಯರ್.

ಸಿಮ್ಯುಲೇಶನ್ ಮುಗಿಸಿದವರನ್ನು ಮತ್ತೆ ಸೆಲ್ಲಿನ ಬಳಿಗೆ ಕರೆತರಬೇಕು, ನಮ್ಮ ಮಟ್ಟಿಗೆ ಇದೇ ಅತ್ಯಂತ ಫಲ ಕೊಡುವ ಹೆಜ್ಜೆ. ನಿಜವಾದ ಎರಡು ಬಲ್ಬುಗಳನ್ನು ಸರಣಿಯಲ್ಲಿಟ್ಟು ಮಲ್ಟಿಮೀಟರಿನಲ್ಲಿ ಅಳೆದರೆ ಪ್ರವಾಹ (ಕರೆಂಟ್) ಒಂದೇ ಬಲ್ಬ್ ಇದ್ದಾಗಿನದರ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ. ಮೀಟರ್ ಕೆಟ್ಟಿಲ್ಲ. ಪೂರ್ತಿ ಹೊತ್ತಿದಾಗ ಸುಮಾರು 8 ಓಮ್ ಇರುವ ಫಿಲಮೆಂಟು ತಣ್ಣಗಿದ್ದಾಗ ಒಂದೆರಡು ಓಮ್ ಅಷ್ಟೇ. ಸರಣಿಯಲ್ಲಿ ಅದು ಅಷ್ಟು ಬಿಸಿಯಾಗುವುದಿಲ್ಲ, ರೋಧವೂ ಅಷ್ಟು ಏರುವುದಿಲ್ಲ. ಸಮಾಂತರದಲ್ಲಿ ಎರಡನೆಯ ಬಲ್ಬ್ ಸೇರಿಸಿದೊಡನೆ ಮೊದಲನೆಯದು ತುಸು ಮಂಕಾಗುವುದು ಸೆಲ್ಲಿನ ಒಳರೋಧದಿಂದ. ಸೆಲ್ ಹಳತಾದಷ್ಟೂ ಇದು ಎದ್ದು ಕಾಣುತ್ತದೆ.

ಪ್ರವಾಹ ಅಳೆಯುವಾಗ ಕೆಂಪು ಪ್ರೋಬ್ 10 ಆಂಪಿಯರಿನ ಸಾಕೆಟ್ಟಿನಲ್ಲಿರಲಿ, ಮೀಟರ್ ಸರಣಿಯಲ್ಲೇ ಇರಲಿ. ವೋಲ್ಟೇಜಿಗೆ ಬದಲಿಸುವಾಗ ಪ್ರೋಬನ್ನೂ ಬದಲಿಸಬೇಕು. ಮರೆತು ಸೆಲ್ಲಿಗೆ ಅಡ್ಡ ಹಿಡಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್.